ತಾರೀಖಮ್ಮನ ಮೇಜಿನ ಫೋನು

ಬೆಳಿಗ್ಗೆ ಒಂಬತ್ತಕ್ಕೆ ಇನ್ನೂ ಐದು ನಿಮಿಷ ಇರುವಾಗಲೇ ಅವಳು ಚೀಲವನ್ನು ಕುರ್ಚಿಯ ಬೆನ್ನಿಗೆ ತೂಗುಹಾಕಿ, ಮೇಜಿನ ಖಾನೆಯಿಂದ ಹಳದಿ ಬಟ್ಟೆಯ ತುಂಡೊಂದನ್ನು ತೆಗೆದು ಫೋನನ್ನು ಒರೆಸುತ್ತಿದ್ದಳು. ಮೊದಲು ರಿಸೀವರಿನ ಮಾತಾಡುವ ತುದಿ, ಆಮೇಲೆ ಕೇಳುವ ತುದಿ, ಕೊನೆಗೆ ಸುರುಳಿ ಸುತ್ತಿದ ತಂತಿ. ಅದು ಗುಂಡಿ ತಯಾರಿಸುವ ಕಾರ್ಖಾನೆ. ಅಂಗಿಯ ಗುಂಡಿ, ಕೋಟಿನ ಗುಂಡಿ, ಮಕ್ಕಳ ಫ್ರಾಕಿನ ಹೂವಿನ ಗುಂಡಿ. ಪಕ್ಕದ ಕೋಣೆಯಲ್ಲಿ ತೂತು ಕೊರೆಯುವ ಯಂತ್ರಗಳಿಂದ ಏಳುವ ಬಿಳಿ ಪುಡಿ, ಬಾಗಿಲು ಮುಚ್ಚಿದ್ದರೂ ಹೇಗೋ ಒಳಗೆ ನುಸುಳಿ ಕಡತಗಳ ಮೇಲೆ, ಕನ್ನಡಕದ ಮೇಲೆ, ಫೋನಿನ ಮೇಲೆ ಬಂದು ಕೂರುತ್ತಿತ್ತು. ಒರೆಸಿಯಾದ ಮೇಲೆ ರಿಸೀವರನ್ನು ಒಮ್ಮೆ ಕಿವಿಗಿಟ್ಟು, ಗುಂಯ್ ಎನ್ನುವ ಶಬ್ದ ಕೇಳಿ, ಕಣ್ಣು ಮುಚ್ಚಿ ಮನಸ್ಸಿನಲ್ಲೇ ಅನ್ನುವಳು: ‘ದೇವರೇ, ಇವತ್ತು ನನ್ನ ಬಾಯಿಂದ ಯಾರ ಅನ್ನಕ್ಕೂ ಕಲ್ಲು ಬೀಳದಿರಲಿ.’

ಹತ್ತೊಂಬತ್ತು ವರ್ಷದಿಂದ ಒಂದು ದಿನವೂ ಅದು ತಪ್ಪಿರಲಿಲ್ಲ. ಜ್ವರ ಬಂದು ರಜೆ ಹಾಕಿದ ದಿನಗಳಲ್ಲಿ ಮನೆಯ ಹಾಸಿಗೆಯಲ್ಲೇ ಹೇಳಿಕೊಳ್ಳುತ್ತಿದ್ದಳು. ಫೋನು ಇರುತ್ತಿರಲಿಲ್ಲ, ಅಷ್ಟೆ.

ಅವಳಿಗೆ ತಾರೀಖಮ್ಮ ಎಂಬ ಹೆಸರು ಬಿದ್ದಿದ್ದು ಈ ಫೋನಿನಿಂದಲೇ. ಕಾರ್ಖಾನೆ ಬಿಟ್ಟವರು ಬೇರೆ ಕಡೆ ಕೆಲಸ ಕೇಳಿಕೊಂಡು ಹೋದರೆ, ಆ ಕಡೆಯವರು ಇಲ್ಲಿಗೆ ಫೋನು ಮಾಡಿ ವಿಚಾರಿಸುತ್ತಿದ್ದರು. ಮನುಷ್ಯ ಹೇಗೆ, ಕೈ ಶುದ್ಧವೇ, ಮಾತು ಕೇಳುತ್ತಾನೆಯೇ. ಸಿಬ್ಬಂದಿ ಕಡತ ನೋಡಿಕೊಳ್ಳುವ ಅವಳು ಸೇರಿದ ತಾರೀಖು, ಬಿಟ್ಟ ತಾರೀಖು, ಮಾಡುತ್ತಿದ್ದ ಕೆಲಸ, ಇಷ್ಟು ಹೇಳಿ ಬಾಯಿಗೆ ಬೀಗ ಹಾಕಿಬಿಡುವಳು. ಕೆಲವರು ನಯವಾಗಿ ಕೇಳುವರು, ಕೆಲವರು ಗದರುವರು. ಒಬ್ಬ ಹೋಟೆಲಿನವನಂತೂ “ಏನಮ್ಮಾ, ನಾನು ಅಡುಗೆಯವನನ್ನ ಹುಡುಕ್ತಿದೀನಿ, ಕ್ಯಾಲೆಂಡರನ್ನಲ್ಲ” ಎಂದು ಫೋನು ಕುಕ್ಕಿದ್ದ. ಆ ಮಾತನ್ನು ಅವಳೇ ಊಟದ ಹೊತ್ತಿನಲ್ಲಿ ಹೇಳಿಕೊಂಡು ನಕ್ಕಿದ್ದಳು. ಅಂದಿನಿಂದ ಎಲ್ಲರ ಬಾಯಲ್ಲೂ ತಾರೀಖಮ್ಮ.

ಆದರೆ ಅದರ ಹಿಂದಿನ ಕಥೆ ನಗುವಂಥದ್ದಲ್ಲ. ಮೊದಲ ಏಳು ವರ್ಷ ಅವಳು ಆರಿಸುವ ಮೇಜಿನಲ್ಲಿದ್ದವಳು. ಉದ್ದನೆಯ ಬಿಳಿ ಮೇಜು, ಮೇಲೆ ದೀಪ, ಎರಡು ಕಡೆ ಹೆಂಗಸರು; ಅಂಚು ಮುಕ್ಕಾದ ಗುಂಡಿ, ತೂತು ಓರೆಯಾದ ಗುಂಡಿ ಕಂಡರೆ ಬೆರಳಲ್ಲಿ ಪಕ್ಕಕ್ಕೆ ತಳ್ಳುವುದು. ಸಂಜೆ ಮನೆಯಲ್ಲಿ ಟೈಪಿಂಗ್ ಪುಸ್ತಕ ಇಟ್ಟುಕೊಂಡು ತಾನೇ ಕಲಿತು, ಕಚೇರಿಯ ಮೇಜಿಗೆ ಬಂದಿದ್ದಳು. ಬಂದು ನಾಲ್ಕು ತಿಂಗಳಾಗಿತ್ತು. ಕೊರೆಯುವ ಯಂತ್ರದಲ್ಲಿದ್ದ ಒಬ್ಬಾತ, ಎಲ್ಲರೂ ಉದ್ದಣ್ಣ ಎನ್ನುತ್ತಿದ್ದವನು, ತಾನಾಗಿ ಕೆಲಸ ಬಿಟ್ಟಿದ್ದ. ಆಟಿಕೆ ಕಾರ್ಖಾನೆಯೊಂದರಿಂದ ಫೋನು ಬಂತು. ಆ ಕಡೆಯ ಹೆಂಗಸು ಒಳ್ಳೆ ಮಾತುಗಾರ್ತಿ, ಮಳೆ, ಬಸ್ಸು, ಕಾಲುನೋವು ಎಂದು ಶುರುಮಾಡಿ, ಮೆಲ್ಲಗೆ “ಯಾಕೆ ಬಿಟ್ಟ ಅವನು?” ಎಂದಳು.

“ತಾನಾಗೇ ಬಿಟ್ಟ. ಆಗ ಎರಡು ಪೆಟ್ಟಿಗೆ ಗುಂಡಿ ಕಾಣೆಯಾಗಿತ್ತು, ಜನ ಏನೇನೋ ಅಂತಿದ್ರು. ನಮಗೇನು ಗೊತ್ತು ಬಿಡಿ.”

ಅಷ್ಟೇ ಅವಳು ಅಂದದ್ದು. ಉದ್ದಣ್ಣನಿಗೆ ಕೆಲಸ ತಪ್ಪಿತು. ಎರಡು ವಾರದ ನಂತರ, ಗುಂಡಿಗಳನ್ನು ಉರುಳಿಸಿ ಹೊಳಪು ಕೊಡುವ ಪೀಪಾಯಿಯ ಹಿಂದೆ ಖಾಲಿ ಗೋಣಿಚೀಲಗಳ ಅಡಿಯಲ್ಲಿ ಆ ಎರಡು ಪೆಟ್ಟಿಗೆ ಸಿಕ್ಕವು. ಅವನು ಗೇಟಿನ ಹತ್ತಿರ ಬಂದು ನಿಂತಿದ್ದ. ಕೂಗಾಡಲಿಲ್ಲ.

“ಅಕ್ಕಾ, ನೀವು ನೋಡಿದ್ರಾ?”

“ಇಲ್ಲ.”

“ಮತ್ತೆ?”

ಅವಳು ತಲೆ ತಗ್ಗಿಸಿ ಒಳಗೆ ನಡೆದಳು. ಅವನ ವಕೀಲರಿಂದ ನೋಟೀಸು ಬಂತು, ಕಾರ್ಖಾನೆ ಲಿಖಿತವಾಗಿ ಕ್ಷಮೆ ಕೇಳಿತು, ಅವಳಿಗೆ ಒಂದು ಎಚ್ಚರಿಕೆ ಪತ್ರ ಸಿಕ್ಕಿತು. ಕಾರ್ಖಾನೆಯ ಕಡೆಯ ವಕೀಲರು ಅವಳನ್ನು ಕೂರಿಸಿಕೊಂಡು ತಿಳಿಹೇಳಿದರು. “ನೋಡಿಯಮ್ಮ, ಕೇಳಿದ್ರೆ ಹೇಳೋದು ತಪ್ಪಲ್ಲ. ನಿಜವಾಗಿರಬೇಕು, ಕಾಗದದಲ್ಲಿ ಇರಬೇಕು, ಕೆಲಸಕ್ಕೆ ಸಂಬಂಧಪಟ್ಟಿದ್ದಾಗಿರಬೇಕು. ಹೊಟ್ಟೆಕಿಚ್ಚಿಲ್ಲದೆ ಹೇಳಬೇಕು. ಒಳ್ಳೇದೋ ಕೆಟ್ಟದ್ದೋ, ಅಷ್ಟು ಹೇಳಬಹುದು. ಕಿವಿಗೆ ಬಿದ್ದಿದ್ದು ಬೇಡ. ಅವನ ಕಾಯಿಲೆ, ಅವನ ಮನೆ ಜಗಳ, ಅವನು ಯಾವ ಸಂಘದಲ್ಲಿದ್ದ, ಅದ್ಯಾವುದೂ ನಿಮಗೆ ಬೇಡ. ಏನೂ ಹೇಳೋಕೆ ಧೈರ್ಯ ಇಲ್ವಾ? ಬರೀ ತಾರೀಖು ಹೇಳಿ. ಅದಕ್ಕೆ ಯಾರೂ ನಿಮ್ಮ ಜುಟ್ಟು ಹಿಡಿಯೋಕಾಗಲ್ಲ.”

ಇಷ್ಟರಲ್ಲಿ ಅವಳಿಗೆ ದಕ್ಕಿದ್ದು ಕೊನೆಯ ಮಾತೊಂದೇ. ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡವಳಂತೆ ಹತ್ತೊಂಬತ್ತು ವರ್ಷ ಕಳೆದಳು.

ಈಗ ಕಾರ್ಖಾನೆ ಮುಚ್ಚುತ್ತಿತ್ತು. ತಿಂಗಳ ಕೊನೆಯ ದಿನ ಗೇಟಿಗೆ ಬೀಗ. ಯಂತ್ರಗಳನ್ನು ಕೊಂಡವರು ಒಂದೊಂದಾಗಿ ಬಿಚ್ಚಿ ಲಾರಿಗೆ ಏರಿಸುತ್ತಿದ್ದರು. ಮ್ಯಾನೇಜರು ಹಿಂದಿನ ತಿಂಗಳೇ ಬೇರೆ ಊರು ಸೇರಿ ಫೋನು ನಂಬರನ್ನೂ ಬದಲಾಯಿಸಿದ್ದ. ಉಳಿದವರು ಮೂವರೇ: ಮಧ್ಯಾಹ್ನ ಬಂದು ಒಂದು ಗಂಟೆ ಕೂತು ಹೋಗುವ ಯಜಮಾನರು, ಗೇಟಿನ ಮುದುಕ, ಕಡತಗಳನ್ನು ಕಟ್ಟಿಡಲು ತಾರೀಖಮ್ಮ. ಅವಳಿಗೆ ಐವತ್ತಮೂರು. ಗಂಡ ಬಸ್ಸು ಓಡಿಸುತ್ತಿದ್ದವನು. ಕಣ್ಣಿನ ತೊಂದರೆಯಿಂದ ಎರಡು ವರ್ಷದ ಹಿಂದೆ ಲೈಸೆನ್ಸು ಹೋಗಿತ್ತು. ಮನೆ ನಡೆಯುವುದು ಅವಳ ಸಂಬಳದಲ್ಲೇ. ಆಸ್ಪತ್ರೆಯೊಂದರ ದಾಖಲೆ ಕೋಣೆಯಲ್ಲಿ ಕೆಲಸ ಇದೆಯೆಂದು ತಿಳಿದು ಅರ್ಜಿ ಹಾಕಿದ್ದಳು. ಸೋಮವಾರ ಸಂದರ್ಶನವೂ ಚೆನ್ನಾಗಿಯೇ ಆಗಿತ್ತು. ಅಲ್ಲಿಯ ಅಧಿಕಾರಿ “ಇನ್ನೇನಿಲ್ಲ, ನಿಮ್ಮ ಹಳೇ ಕೆಲಸದ ಕಡೆ ಒಂದು ಮಾತು ಕೇಳ್ತೀವಿ. ವಾರದೊಳಗೆ ತಿಳಿಸ್ತೀವಿ” ಎಂದಿದ್ದರು.

ಮಂಗಳವಾರ ಬೆಳಿಗ್ಗೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದಾಗ ಅವಳಿಗೆ ಥಟ್ಟನೆ ಹೊಳೆಯಿತು. ಅರ್ಜಿಯಲ್ಲಿ ‘ಹಿಂದಿನ ಮಾಲೀಕರ ದೂರವಾಣಿ’ ಎಂದು ಒಂದು ಗೆರೆ ಇತ್ತು. ಕಾರ್ಖಾನೆಯ ಅದೆಷ್ಟೋ ಜನರ ಅರ್ಜಿಗಳನ್ನು ಅವಳೇ ತುಂಬಿಕೊಟ್ಟಿದ್ದಳು. ಆ ಗೆರೆಯ ಮೇಲೆ ಯಾವ ನಂಬರು ಬರೆಯುತ್ತಿದ್ದಳೋ, ಕೈ ತಾನಾಗಿ ಅದನ್ನೇ ಬರೆದಿತ್ತು. ಅವಳ ಮೇಜಿನ ಫೋನಿನ ನಂಬರು. ಅವಳ ಬಗ್ಗೆ ಅವಳನ್ನೇ ಕೇಳುತ್ತಾರೆ.

ಇಳಿಯುವ ನಿಲ್ದಾಣ ದಾಟಿ ಹೋಗಿದ್ದು ಆಮೇಲೆ ಗೊತ್ತಾಯಿತು.

ಅಂದಿನಿಂದ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಫೋನು ಗಣಗಣಿಸಿದರೆ ಬೆಚ್ಚಿ ಏಳುವಳು, ಸುಮ್ಮನಿದ್ದರೆ ರಿಸೀವರು ಎತ್ತಿ ಗುಂಯ್ ಎನ್ನುತ್ತಿದೆಯೇ ಎಂದು ನೋಡುವಳು. ಆಸ್ಪತ್ರೆಗೆ ಫೋನು ಮಾಡಿ ನಂಬರು ಬದಲಿಸೋಣವೆಂದರೆ ಯಾರ ನಂಬರು ಕೊಡುವುದು? ಉಳಿದವರು ಯಜಮಾನರೊಬ್ಬರೇ. ಯಾರ ಬಗ್ಗೆ ಕೇಳಿದರೂ ಅವರು ‘ಬಂಗಾರ’ ಎನ್ನುವವರು. ಮಧ್ಯಾಹ್ನ ಅವರಿಗೆ ವಿಷಯ ಹೇಳಿದಾಗ, ಕನ್ನಡಕ ಹಣೆಗೇರಿಸಿ ನಕ್ಕರು.

“ಇದಕ್ಕೆಲ್ಲ ಯಾಕೆ ತಲೆ ಕೆಡಿಸ್ಕೊಳ್ತೀಯಮ್ಮ? ಮೊಹರು ನಿನ್ನ ಹತ್ರಾನೇ ಇದೆ, ಕಾರ್ಖಾನೆ ಕಾಗದ ನಿನ್ನ ಹತ್ರಾನೇ ಇದೆ. ಏನು ಬೇಕೋ ಟೈಪ್ ಮಾಡ್ಕೊ, ಕಣ್ಣು ಮುಚ್ಕೊಂಡು ಸಹಿ ಹಾಕ್ತೀನಿ.”

“ಆಯ್ತು ಸಾರ್, ನೋಡ್ತೀನಿ” ಎಂದಳು. ಕಾಗದವನ್ನು ಟೈಪ್ ಯಂತ್ರಕ್ಕೆ ಸಿಕ್ಕಿಸಿಯೂ ಸಿಕ್ಕಿಸಿದಳು. ‘ಇವರು ನಮ್ಮಲ್ಲಿ’ ಎಂದು ಎರಡು ಪದ ಹೊಡೆದು, ಮುಂದೆ ಬೆರಳು ಏಳದೆ, ಹಾಳೆಯನ್ನು ಎಳೆದು ಮಡಚಿ ಅಲ್ಲಾಡುವ ಮೇಜಿನ ಕಾಲಿನಡಿ ತುರುಕಿದಳು.

ಸಂಜೆ ಮನೆಗೆ ಬಂದರೆ ಮೈದುನ ಬಂದು ಕೂತಿದ್ದ. ಊರಿನ ಎಲ್ಲರ ಕೆಲಸವನ್ನೂ ಮಾಡಿಸಿಕೊಡುವ ಮನುಷ್ಯ, ತನ್ನದೊಂದೇ ಆಗದು. ಗಂಡ ಆಗಲೇ ಅವನಿಗೆ ಎಲ್ಲ ಒಪ್ಪಿಸಿದ್ದ.

“ಅತ್ತಿಗೆ, ನನ್ನ ನಂಬರ್ ಕೊಟ್ಬಿಡಿ. ಗಂಟಲು ದಪ್ಪ ಮಾಡ್ಕೊಂಡು ಮ್ಯಾನೇಜರ್ ಥರ ಮಾತಾಡ್ತೀನಿ. ‘ಹೌದ್ರೀ, ಅಂಥ ಹೆಂಗಸು ಕೋಟಿಗೊಬ್ರು’ ಅಂತೀನಿ.”

“ನಿನ್ನ ಮದುವೆಗೆ ಹೆಣ್ಣಿನ ಕಡೆಯೋರ ಹತ್ರಾನೂ ಹೀಗೇ ಗಂಟಲು ದಪ್ಪ ಮಾಡ್ಕೊಂಡಿದ್ದೆ” ಎಂದ ಗಂಡ. “ಅವರು ಈಗ್ಲೂ ನನ್ನನ್ನ ಬೈತಾರೆ.”

“ನೀನು ಸುಮ್ನಿರಣ್ಣ. ಅತ್ತಿಗೆ, ಏನಂತೀರಿ?”

“ಏನೂ ಅನ್ನಲ್ಲ. ಕಾಲು ಮೇಲಿಟ್ಕೋ, ನೆಲ ಒರೆಸ್ಬೇಕು” ಎಂದು ತಾರೀಖಮ್ಮ ಬಕೆಟ್ ಹಿಡಿದು ಬಂದಳು. ಬೆಳಿಗ್ಗೆ ಒರೆಸಿದ ನೆಲವನ್ನೇ ಮತ್ತೆ ಒರೆಸಿದಳು. ಅಡುಗೆಮನೆಯ ಡಬ್ಬಿಗಳನ್ನು ಕೆಳಗಿಳಿಸಿ ಮತ್ತೆ ಮೇಲಿಟ್ಟಳು. ಗಂಡ ಅವಳನ್ನೇ ನೋಡುತ್ತಿದ್ದವನು ಮೆಲ್ಲಗೆ ಅಂದ: “ಗೇರ್ ಹಾಕ್ದೆ ಎಕ್ಸಲೇಟರ್ ಒತ್ತಿದ ಹಾಗೆ ಆಡ್ತಿದೀಯ. ಬಂದು ಕೂತ್ಕೋ.”

ಅವಳು ಕೂರಲಿಲ್ಲ.

ಬುಧವಾರ ಹದ್ದುಗಣ್ಣಿ ಬಂದಳು. ಆರಿಸುವ ಮೇಜಿನಲ್ಲಿ ಹನ್ನೊಂದು ವರ್ಷ ಕೂತವಳು. ಕೂದಲೆಳೆಯಷ್ಟು ಬಿರುಕನ್ನೂ ಹಿಡಿಯುತ್ತಿದ್ದಳು ಎಂದು ಆ ಹೆಸರು. ಕಾರ್ಖಾನೆ ಮುಚ್ಚುವ ಸುದ್ದಿ ಬಂದ ಕೂಡಲೇ ಬಿಟ್ಟು, ಮಾತ್ರೆಗಳ ಸ್ಟ್ರಿಪ್ಪು ತಪಾಸಣೆ ಮಾಡುವ ಕಂಪನಿಗೆ ಅರ್ಜಿ ಹಾಕಿದ್ದಳು. ಈಗ ಸೇವಾ ಪತ್ರ ತೆಗೆದುಕೊಂಡು ಹೋಗಲು ಬಂದಿದ್ದಳು. ತಾರೀಖಮ್ಮ ಕುರ್ಚಿ ಎಳೆದಳು. ಅವಳು ನಿಂತೇ ಇದ್ದಳು.

“ಮಾತ್ರೆ ಕಂಪನಿಯೋರು ಫೋನ್ ಮಾಡಿದ್ರಂತೆ ನಿಮಗೆ.”

“ಮಾಡಿದ್ರು. ತಾರೀಖು ಹೇಳಿದೆ.”

“ಕೆಲಸ ಹೇಗೆ ಅಂತ ಕೇಳಿದ್ರಂತೆ.”

“ಅದನ್ನ ನಾನು ಯಾರಿಗೂ ಹೇಳಲ್ವಲ್ಲಮ್ಮ, ನಿನಗೆ ಗೊತ್ತಲ್ಲ.”

“ನನಗೆ ಗೊತ್ತು. ಅವರಿಗೆ ಹೇಗೆ ಗೊತ್ತಾಗ್ಬೇಕು? ಹಳೇ ಕಡೆಯೋರು ಒಂದು ಒಳ್ಳೇ ಮಾತೂ ಹೇಳಲಿಲ್ಲ ಅಂದ್ರೆ ಒಳಗೇನೋ ಇದೆ ಅಂದ್ಕೊಂಡ್ರು. ಬೇರೆಯೋಳನ್ನ ತಗೊಂಡ್ರು.” ಹದ್ದುಗಣ್ಣಿ ಪತ್ರವನ್ನು ಚೀಲಕ್ಕೆ ಹಾಕಿಕೊಂಡಳು. “ಹನ್ನೊಂದು ವರ್ಷ ಒಟ್ಟಿಗೆ ಊಟ ಮಾಡಿದೀವಿ ಅಕ್ಕಾ. ಒಂದು ಮಾತು ಆಡಿದ್ರೆ ನಿಮ್ಮ ಬಾಯಿ ಸವೀತಿತ್ತಾ?”

ಅವಳು ಹೋದ ಮೇಲೆ ತಾರೀಖಮ್ಮ ಬಹಳ ಹೊತ್ತು ಬಾಗಿಲನ್ನೇ ನೋಡಿದಳು. ಆ ಫೋನು ಅವಳಿಗೆ ಚೆನ್ನಾಗಿ ನೆನಪಿತ್ತು. ಆ ಕಡೆಯವನು ‘ಓ, ಅರ್ಥ ಆಯ್ತು ಬಿಡಿ’ ಎಂದಿದ್ದ. ತಾನು ಏನೂ ಹೇಳಿಲ್ಲವಲ್ಲ, ಏನು ಅರ್ಥವಾಯಿತು ಇವನಿಗೆ ಎಂದು ಆಗ ಬೆರಗಾಗಿದ್ದಳು, ಅಷ್ಟಕ್ಕೇ ಬಿಟ್ಟಿದ್ದಳು. ದಿನವೂ ಫೋನು ಒರೆಸಿ ಕೈಮುಗಿದಂತೆ ಬೇಡಿಕೊಳ್ಳುತ್ತಿದ್ದ ಆ ಮಾತು ಈಗ ನೆನಪಾಯಿತು. ಬಾಯಿ ಬಿಡದೆಯೂ ಅನ್ನಕ್ಕೆ ಕಲ್ಲು ಬಿದ್ದಿತ್ತು. ಇನ್ನೆಷ್ಟು ಜನರಿಗೆ ಬಿದ್ದಿತ್ತೋ, ಬಂದು ಹೇಳಿದವಳು ಇವಳೊಬ್ಬಳು.

ಗುರುವಾರ ಅವಳು ಫೋನು ಒರೆಸಿದಳು, ಶಬ್ದ ಕೇಳಿದಳು, ಬೇಡಿಕೊಂಡಳು. ರಿಸೀವರನ್ನು ಕೆಳಗಿಡಲಿಲ್ಲ. ಹದ್ದುಗಣ್ಣಿಯ ಕಡತವನ್ನು ಮುಂದಿಟ್ಟುಕೊಂಡು ಮಾತ್ರೆ ಕಂಪನಿಯ ನಂಬರು ಒತ್ತಿದಳು. ಇನ್ನೊಬ್ಬರ ಬಗ್ಗೆ ಹೇಳಲು ತಾನಾಗಿ ಫೋನು ಮಾಡಿದ್ದು ಇದೇ ಮೊದಲು. ಅದೇ ಗಂಡಸಿನ ದನಿ ಬಂತು. ಅವಳು ಓದಿದಳು: ಹನ್ನೊಂದು ವರ್ಷ ಆರಿಸುವ ಕೆಲಸ, ಆಕೆ ಸಹಿ ಮಾಡಿದ ಪೆಟ್ಟಿಗೆ ಒಂದೂ ವಾಪಸು ಬಂದಿಲ್ಲ, ಬೇರೆಯವರ ಪೆಟ್ಟಿಗೆಯಲ್ಲಿದ್ದ ಓರೆ ತೂತನ್ನೂ ಮೂರು ಸಲ ಹಿಡಿದುಕೊಟ್ಟಿದ್ದಾಳೆ, ಮೂರಕ್ಕೂ ಟಿಪ್ಪಣಿ ಇದೆ.

“ಇದನ್ನ ಆವತ್ತೇ ಯಾಕೆ ಹೇಳಲಿಲ್ಲ?”

“ಹೆದರಿಕೆ ಇತ್ತು.”

“ಯಾರದ್ದು?”

“ನನ್ನ ಬಾಯಿಯದ್ದೇ.”

ಆ ಕಡೆ ಹಾಳೆ ಮಗುಚಿದ ಸದ್ದು. “ಆ ಜಾಗ ತುಂಬೋಯ್ತಮ್ಮ. ಮುಂದಿನ ತಿಂಗಳು ಇನ್ನೊಂದು ಪಾಳಿ ಶುರುವಾದ್ರೆ ಕರೀತೀನಿ. ಹೆಸರು ಬರ್ಕೊಂಡಿದೀನಿ” ಎಂದ.

ಮನಸ್ಸು ಹಗುರಾಗಬೇಕಿತ್ತು. ಆಗಲಿಲ್ಲ. ಮಧ್ಯಾಹ್ನ ಅವಳು ಕಪಾಟಿನ ಕೆಳಗಿನ ಸಾಲಿನಿಂದ ತನ್ನದೇ ಕಡತವನ್ನು ಎಳೆದಳು. ವರ್ಷಗಳಿಂದ ಅದನ್ನು ತೆರೆದಿರಲಿಲ್ಲ. ಹದ್ದುಗಣ್ಣಿಯ ಕಡತ ದಿಂಬಿನಷ್ಟು ದಪ್ಪವಿದ್ದರೆ ಇದು ತೆಳ್ಳಗೆ, ದೋಸೆಯಂತೆ ಬಾಗುತ್ತಿತ್ತು. ಸೇರಿದ ದಿನದ ಪತ್ರ, ಹಾಜರಿ, ಮೇಜು ಬದಲಾದ ಆದೇಶ. ಬೇರೆಯವರ ಕಡತಗಳಲ್ಲಿ ಟಿಪ್ಪಣಿ ಬರೆಯುವವಳು ಅವಳೇ. ಅವಳ ಕಡತದಲ್ಲಿ ಬರೆಯಲು ಯಾರೂ ಇರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಅವಳ ಕೆಲಸ ಹೇಗಿತ್ತೆಂದು ಹೇಳುವ ಕಾಗದ ಅದರಲ್ಲಿ ಒಂದೇ ಒಂದಿತ್ತು. ಆ ಎಚ್ಚರಿಕೆ ಪತ್ರ.

ತೆಗೆದು ಹರಿದರೆ ಕೇಳುವವರಿರಲಿಲ್ಲ. ತಿಂಗಳ ಕೊನೆಗೆ ಇಡೀ ಕಪಾಟು ಗೋದಾಮು ಸೇರಿ, ಇಲಿಗಳ ಪಾಲಾಗಲಿತ್ತು. ಅವಳು ಪತ್ರವನ್ನು ಹೊರಗೆಳೆದು, ಬೆಳಕಿಗೆ ಹಿಡಿದು, ಪಂಚು ಮಾಡಿದ ಎರಡು ತೂತುಗಳ ಮೂಲಕ ಕಿಟಕಿಯನ್ನು ನೋಡಿದಳು. ಮತ್ತೆ ದಾರಕ್ಕೆ ಪೋಣಿಸಿ, ಗಂಟು ಬಿಗಿದಳು. ಒಂದು ನಿಮಿಷಕ್ಕೆ ಗಂಟನ್ನು ಬಿಚ್ಚಿ ಮತ್ತೆ ಬಿಗಿದಳು. ಆಮೇಲೆ ಎದ್ದು ಹೋಗಿ ಗೇಟಿನ ಮುದುಕನಿಗೆ ಗಂಟೆ ಎಷ್ಟೆಂದು ಕೇಳಿದಳು. ಅವನು ಅವಳ ಕೈಗಡಿಯಾರವನ್ನೇ ತೋರಿಸಿದ.

ಶುಕ್ರವಾರ ಹನ್ನೊಂದರ ಹೊತ್ತಿಗೆ, ಹೊಳಪಿನ ಪೀಪಾಯಿಯನ್ನು ನಾಲ್ಕು ಜನ ಹಗ್ಗ ಕಟ್ಟಿ ಎಳೆಯುತ್ತಿದ್ದಾಗ ಫೋನು ಬಂತು. ಅವಳು ನಾಲ್ಕು ಸಲ ಬಡಿಯಲು ಬಿಟ್ಟು ಎತ್ತಿದಳು.

“ನಮಸ್ಕಾರ, ಆಸ್ಪತ್ರೆ ಕಚೇರಿಯಿಂದ. ನಿಮ್ಮಲ್ಲಿ ಕಡತ ನೋಡ್ಕೊಳ್ತಿರೋ ಒಬ್ಬರ ಬಗ್ಗೆ ವಿಚಾರಿಸಬೇಕಿತ್ತು.” ಎಳೆಯ ಹೆಣ್ಣು ದನಿ. ಹೆಸರು ಹೇಳಿದಳು. ಕಾರ್ಖಾನೆಯಲ್ಲಿ ಅವಳ ಆ ನಿಜ ಹೆಸರನ್ನು ಯಾರೂ ಕರೆಯದೆ ಎಷ್ಟು ಕಾಲವಾಗಿತ್ತೆಂದರೆ, ಯಾರೋ ಬೇರೆಯವರನ್ನು ಕೇಳಿದಂತೆ ಕೇಳಿಸಿತು. ಹಾಗೆಯೇ ಇರಲಿ ಎಂದು ಒಂದು ಗಳಿಗೆ ಅನ್ನಿಸಿತು ಕೂಡ. ‘ಅವರು ಒಳ್ಳೆಯವರು, ಧಾರಾಳವಾಗಿ ತೆಗೆದುಕೊಳ್ಳಿ’ ಎಂದರಾಯಿತು. ಎರಡು ಮಾತು, ಮುಗಿಯಿತು.

“ಅದು ನಾನೇ ಅಮ್ಮ” ಎಂದಳು.

“ಅಂದ್ರೆ?”

“ನೀವು ಯಾರನ್ನ ವಿಚಾರಿಸ್ತಿದೀರೋ ಅದು ನಾನೇ. ಇಲ್ಲಿ ಫೋನ್ ಎತ್ತೋಳೂ ನಾನೇ. ನಂಬರ್ ಬರೆಯೋವಾಗ ಹೊಳೀಲಿಲ್ಲ. ಯಜಮಾನ್ರು ಮಧ್ಯಾಹ್ನ ಬರ್ತಾರೆ, ಅವರ ಕೈಗೆ ಕೊಡ್ಲಾ?”

ಆ ಹುಡುಗಿ ನಗು ತಡೆದುಕೊಂಡಳು. “ಅವರು ಬೇಡಮ್ಮ. ನಿಮ್ಮಲ್ಲಿ ಬಿಟ್ಟು ನಮ್ಮಲ್ಲಿಗೆ ಬಂದ ಕಾವಲುಗಾರನ ಬಗ್ಗೆ ಕೇಳಿದಾಗ ಬಂಗಾರ ಅಂದಿದ್ರು. ಆ ಬಂಗಾರ ನಮ್ಮ ಗೇಟಲ್ಲಿ ಮಧ್ಯಾಹ್ನಾನೇ ಗೊರಕೆ ಹೊಡೀತಿದೆ. ನಮ್ಮ ಸಾಹೇಬ್ರು ಕಡತ ನೋಡಿ ಹೇಳಿಸ್ಕೋ ಅಂದಿದಾರೆ. ಬೇರೆ ಯಾರಿದ್ದಾರೆ ನಿಮ್ಮಲ್ಲಿ?”

“ಯಾರೂ ಇಲ್ಲ.”

“ಹಾಗಾದ್ರೆ ನೀವೇ ಓದಿ. ಕಡತ ಎದುರಿಗಿದೆಯಾ?”

ಅದು ಎದುರಿಗೇ ಇತ್ತು. ತಾರೀಖಮ್ಮ ಓದಿದಳು. ಸೇರಿದ ತಾರೀಖು. ಆರಿಸುವ ಮೇಜು, ಏಳು ವರ್ಷ. ಕಚೇರಿ, ಹತ್ತೊಂಬತ್ತು ವರ್ಷ. ಹಾಜರಿ. ಬೇರೆಯವರ ಕಡತವನ್ನು ಓದುವ ದನಿಯಲ್ಲೇ ಓದಿದಳು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಹೊರಗೆ ಪೀಪಾಯಿ ಹೊಸ್ತಿಲಿಗೆ ತಾಗಿ ದಡಕ್ಕೆಂದಿತು. ಯಾರೋ ಬೈದರು.

“ಅಷ್ಟೇನಾ?”

“ಇನ್ನೊಂದು ಕಾಗದ ಇದೆ. ಎಚ್ಚರಿಕೆ ಪತ್ರ. ಹೀಗೇ ಒಬ್ಬರ ಬಗ್ಗೆ ಫೋನಲ್ಲಿ ಕೇಳಿದಾಗ, ನಾನು ನೋಡದೇ ಇದ್ದಿದ್ದನ್ನ ಹೇಳಿದ್ದೆ. ಅವರಿಗೆ ಸಿಗಬೇಕಾಗಿದ್ದ ಕೆಲಸ ತಪ್ಪಿತು. ಅದಕ್ಕೆ ಕೊಟ್ಟಿದ್ದು.”

ಪೆನ್ನು ನಿಂತಿದ್ದು ಈ ಕಡೆಗೂ ತಿಳಿಯಿತು.

“ಯಾವಾಗ ಆಗಿದ್ದು?”

“ಹತ್ತೊಂಬತ್ತು ವರ್ಷ ಆಯ್ತು.”

ಹುಡುಗಿ ದನಿ ತಗ್ಗಿಸಿದಳು. ಪಕ್ಕದಲ್ಲಿ ಯಾರೋ ಕೂತಿದ್ದರೇನೋ. “ಅಮ್ಮ, ದಾಖಲೆ ಕೋಣೆ ಕೆಲಸ ಇದು. ಇಂಥದ್ದನ್ನ ಸಾಹೇಬ್ರು ನೋಡಿದ್ರೆ ಬೇರೆ ಥರ ಯೋಚನೆ ಮಾಡ್ತಾರೆ. ಅಷ್ಟು ಹಳೇದನ್ನ ಹೇಳಲೇಬೇಕು ಅಂತ ಎಲ್ಲೂ ಇಲ್ಲ, ಬರೀಲೇಬೇಕು ಅಂತಾನೂ ಇಲ್ಲ. ನಾನು ಅದನ್ನ ಬಿಟ್ಬಿಡ್ತೀನಿ. ನೀವು ಹೇಳೇ ಇಲ್ಲ, ನಾನು ಕೇಳೇ ಇಲ್ಲ. ನಮ್ಮಮ್ಮನ ವಯಸ್ಸಿನೋರು ನೀವು.”

ತಾರೀಖಮ್ಮ ಸುರುಳಿ ತಂತಿಯನ್ನು ಬೆರಳಿಗೆ ಸುತ್ತಿಕೊಂಡಳು. ಬಸ್ಸಿನ ಕಿಟಕಿಯ ಬಳಿ ಕಣ್ಣು ಕಿರಿದು ಮಾಡಿ ಬೋರ್ಡು ಓದಲು ಹೆಣಗುವ ಗಂಡನ ಮುಖ ಒಮ್ಮೆ ಎದುರಿಗೆ ಬಂತು. ಗೇಟಿನ ಬಳಿ ನಿಂತು ‘ಮತ್ತೆ?’ ಎಂದ ಉದ್ದನೆಯ ಮನುಷ್ಯ ಬಂದ. ಕುರ್ಚಿ ಎಳೆದರೂ ಕೂರದೆ ನಿಂತ ಹದ್ದುಗಣ್ಣಿ ಬಂದಳು. ಬೆರಳಿನ ತಂತಿಯನ್ನು ಬಿಡಿಸಿದಳು.

“ನಿಮ್ಮ ಮನಸ್ಸು ಒಳ್ಳೇದಮ್ಮ, ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ. ಆದ್ರೆ ಬಿಡಬೇಡಿ. ಕಾಗದದಲ್ಲಿ ಇರೋದದು, ನಿಜ, ಕೆಲಸದ್ದೇ. ಬರ್ಕೊಳ್ಳಿ.” ತಾರೀಖಿಗೆ ಪತ್ರವನ್ನು ನೋಡಬೇಕಾಗಿರಲಿಲ್ಲ. “ಮಾರ್ಚ್ ಹದಿನಾಲ್ಕು.”